ಇಪ್ಪತ್ತೆಂಟು ನೀಲಿ ಮನೆಗಳು

ಗುರುವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಶಿವಮೊಗ್ಗದಲ್ಲಿ ಬಸ್ ಹತ್ತಿದ್ದು, ಸಂಜೆ ಆರು ಹತ್ತಕ್ಕೆ ಊಟಿಯಲ್ಲಿ ಇಳಿದದ್ದು. ಬಸ್ ಎರಡು, ಟೀ ನಾಲ್ಕು, ವಾಂತಿ ಒಂದು (ನನ್ನದು, ಗೂಡಲೂರು ದಾಟಿದ ಮೇಲಿನ ತಿರುವುಗಳಲ್ಲಿ), ನಿದ್ದೆ ಸೊನ್ನೆ. ಪ್ರವಾಸದ ಮೊದಲ ದಿನದ ಬಗ್ಗೆ ನನ್ನ ಡೈರಿಯಲ್ಲಿ ಇರುವುದು ಇಷ್ಟೇ. ಅದಕ್ಕಿಂತ ಹೆಚ್ಚು ಬರೆಯಲು ಕೈ ಏಳಲಿಲ್ಲ.

ಹೋದವರು ಇಬ್ಬರೇ, ನಾನು ಮತ್ತು ಅಪ್ಪ. ಊಟಿ ತೋರಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಾಗ ನಾನು ಆರನೇ ಕ್ಲಾಸಿನಲ್ಲಿದ್ದೆ. ಈಗ ನಾನೇ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ನಡುವಿನ ಒಂದೊಂದು ಬೇಸಿಗೆಗೂ ಒಂದೊಂದು ಅಡ್ಡಿ. ಈ ಸಲ ಅವಸರ ಮಾಡಿದ್ದು ಅಪ್ಪನೇ. ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮೂರು ವರ್ಷ ಶಿವಮೊಗ್ಗದ ಹೊಸಮನೆಯ ನಮ್ಮ ಮನೆಯಲ್ಲಿ ಪೇಪರ್ ಓದಿ, ಹಾಲು ತಂದು, ಅಡುಗೆಮನೆ ಬಾಗಿಲಲ್ಲಿ ಅಮ್ಮನಿಗೆ ಅಡ್ಡ ನಿಂತು ದಿನ ತಳ್ಳಿದ್ದರು. ಈಗ ಊರ ಹೊರಗಿನ ಒಂದು ಸಣ್ಣ ವರ್ಕ್‌ಶಾಪಿನವರು ಅವರನ್ನು ಕರೆದಿದ್ದರು. ಸೋಮವಾರದಿಂದ ಕೆಲಸ.

“ಸೇರಿದ ಮೇಲೆ ರಜ ಕೇಳಕ್ಕಾಗಲ್ಲ ಮಾರಾಯ್ತಿ. ಈಗ್ಲೇ ಹೋಗಿ ಬಂದ್ಬಿಡೋಣ” ಎಂದರು. ಮೂರು ವರ್ಷದಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಮ್ಮ ಮಂಡಿನೋವು ಎಂದು ಬರಲಿಲ್ಲ. ಎರಡು ಡಬ್ಬಿ ಪುಳಿಯೋಗರೆ ಕಟ್ಟಿಕೊಟ್ಟು, “ನಂಗೊಂದು ನೇರಳೆ ಶಾಲು ತನ್ನಿ. ಕಂದು ಬೇಡ, ಕಂದು ಎರಡಿದೆ” ಎಂದಳು.

ಅಪ್ಪನ ಕೆಲಸ ಉಕ್ಕಿಗೆ ಹದ ಕೊಡುವುದು. ಉಳಿಯನ್ನೋ ಕಟರನ್ನೋ ಕಾಯಿಸುತ್ತಾ ಹೋದರೆ ಅದರ ಮೈಮೇಲೆ ಮೊದಲು ಒಣಹುಲ್ಲಿನ ಬಣ್ಣ ಏರುತ್ತದೆ. ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಯಾವುದಕ್ಕೆ ಯಾವ ಬಣ್ಣ ಬೇಕೋ ಅದು ಬಂದ ಕೂಡಲೇ ತೆಗೆದು ನೀರಿಗೆ ಅದ್ದಬೇಕು. ನೇರಳೆಗೆ ಬರಬೇಕಾದ ಉಳಿಯನ್ನು ಕಂದಿಗೇ ತೆಗೆದರೆ ಅದು ಪೆಡಸಾಗಿ ಉಳಿದು, ಸುತ್ತಿಗೆ ಬಿದ್ದಾಗ ಸಿಡಿಯುತ್ತದೆ. ಚೂರು ಹಾರುವುದು ಹಿಡಿದವನ ಮುಖಕ್ಕೆ. ದೊಡ್ಡ ಕಡೆ ಈಗ ಇದನ್ನೆಲ್ಲ ಅಳೆಯಲು ಯಂತ್ರಗಳಿವೆ. ಆ ಸಣ್ಣ ವರ್ಕ್‌ಶಾಪಿಗೆ ಬೇಕಾಗಿದ್ದದ್ದು ಅಪ್ಪನ ಕಣ್ಣು.

ನನಗೆ ಡೈರಿ ಬರೆಯಲು ಕಲಿಸಿದವರೂ ಅವರೇ. ಕಾರ್ಖಾನೆಯ ಲಾಗ್ ಬುಕ್ಕಿನ ಹಾಗೆ ದಿನ, ಸಮಯ, ಲೆಕ್ಕ. ರಬ್ಬರ್ ಮುಟ್ಟುವಂತಿಲ್ಲ, ಅಂಕಿಯನ್ನು ತಿದ್ದುವಂತಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಣ್ಣ ಸಹಿ ಹಾಕಬೇಕು. ಭದ್ರಾವತಿಯ ನ್ಯೂ ಟೌನ್ ಕ್ವಾರ್ಟರ್ಸಿನಲ್ಲಿದ್ದಾಗ ಪ್ರತಿ ಭಾನುವಾರ ನನ್ನ ಪುಟಗಳನ್ನು ನೋಡಿ ಅವರೂ ಸಹಿ ಹಾಕುತ್ತಿದ್ದರು. ಅಲ್ಲೇ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ಇಬ್ಬರೂ ಲಾರಿಗಳ ಬಣ್ಣ ಎಣಿಸುತ್ತಿದ್ದೆವು. ಬೇರೆ ಬೇರೆಯಾಗಿ ಎಣಿಸಿ, ಆಮೇಲೆ ತಾಳೆ ನೋಡುವುದು. ಲೆಕ್ಕ ತಪ್ಪುತ್ತಿದ್ದದ್ದು ಯಾವಾಗಲೂ ನನ್ನದೇ.

ಶುಕ್ರವಾರ ಊಟಿಯಲ್ಲಿ ಎದ್ದಾಗ ಮೈಯೆಲ್ಲ ಜಜ್ಜಿದಂತಿತ್ತು. ಬಿಸಿನೀರು ಏಳರಿಂದ ಎಂಟು ಎಂದು ಬರೆದಿದ್ದರೂ ಏಳೂಕಾಲಿಗೇ ನಿಂತುಹೋಯಿತು. ಊರು ಎಲ್ಲಿ ಹೋದರೂ ಏರು, ಇಲ್ಲದಿದ್ದರೆ ಇಳಿಜಾರು. ಹಳೆಯ ಕಲ್ಲಿನ ಕಟ್ಟಡ ಒಂದು, ಚರ್ಚು ಒಂದು, ಪುಟ್ಟ ರೈಲಿನ ಸ್ಟೇಷನ್ ಒಂದು ನೋಡಿದೆವು. ರೈಲಿಗೆ ಟಿಕೆಟ್ ಸಿಗಲಿಲ್ಲ. ನಿಂತಿದ್ದ ಡಬ್ಬಿಗಳನ್ನು ನೋಡಿಕೊಂಡು ಬಂದೆವು. ಹನ್ನೊಂದು ಗಂಟೆಗೆ ನನ್ನ ಹಿಮ್ಮಡಿಯಲ್ಲಿ ಬೊಬ್ಬೆ. ರಸ್ತೆ ಬದಿಯ ಕಲ್ಲುಬೆಂಚು ಕಂಡದ್ದೇ ಕೂತುಬಿಟ್ಟೆ.

ಎದುರಿಗೆ ಇಡೀ ಗುಡ್ಡ. ಅದರ ಮೈತುಂಬ ಬೆಂಕಿಪೊಟ್ಟಣ ಜೋಡಿಸಿದ ಹಾಗೆ ಮನೆಗಳು, ಗುಲಾಬಿ, ಹಸಿರು, ಹಳದಿ, ನೀಲಿ.

“ಎಣ್ಸೋಣ?” ಎಂದರು ಅಪ್ಪ.

“ಅಪ್ಪಾ, ಸಾಕಾಗಿದೆ.”

“ಕೂತಲ್ಲೇ ಎಣ್ಸೋಕೆ ಏನು ಕಷ್ಟ? ನೀರಿನ ಟ್ಯಾಂಕಿಂದ ಈಚೆಗೆ, ನೀಲಿ ಮಾತ್ರ.”

ಎಣಿಸಿದೆವು. ನನ್ನದು ಇಪ್ಪತ್ತೆಂಟು. ಅಪ್ಪನದು ಎಂಟು. ನಾನು ನಕ್ಕುಬಿಟ್ಟೆ. ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

“ನಗ್ಬೇಡ. ನೀನು ಬೂದು ಬಣ್ಣದ್ದನ್ನೆಲ್ಲ ನೀಲಿಗೆ ಸೇರಿಸಿದ್ದೀಯ. ಬೂದು ಎಷ್ಟಿದೆ ನೋಡು. ಬಣ್ಣದ ಊರು ಅಂತಾರಪ್ಪ, ಅರ್ಧ ಊರಿಗೆ ಬಣ್ಣ ಸಾಲದೇ ಬಂದಿದೆ.”

ಮತ್ತೆ ನೋಡಿದೆ. ಟ್ಯಾಂಕಿನಿಂದ ಈಚೆಗೆ ಬೂದು ಬಣ್ಣದ ಮನೆ ಒಂದೂ ಇರಲಿಲ್ಲ. ಡೈರಿ ಪುಸ್ತಕದಲ್ಲಿ ಎರಡು ಕಾಲಂ ಮಾಡಿ ‘ನಾನು 28, ಅಪ್ಪ 8’ ಎಂದು ಬರೆದೆ.

ಮಧ್ಯಾಹ್ನ ಶಾಲಿನ ಅಂಗಡಿಗೆ ಹೋದೆವು. ಅಂಗಡಿಯವನು ತಮಿಳಿನ ರಾಗದಲ್ಲಿ ಕನ್ನಡ ಮಾತಾಡುತ್ತಾ ಹತ್ತು ಶಾಲು ಹರಡಿದ. ಅಪ್ಪ ಒಂದನ್ನು ಎತ್ತಿ, “ಇದೇ. ಇದೇ ನೇರಳೆ” ಎಂದರು.

“ಸಾರ್, ಅದು ಬ್ರೌನು.”

“ನಿಮ್ಮ ಲೈಟ್ ಸರಿ ಇಲ್ಲ ಕಣ್ರೀ. ಮೂವತ್ತು ವರ್ಷ ಬಣ್ಣ ನೋಡಿ ಸಂಬಳ ತಗೊಂಡಿದ್ದೀನಿ ನಾನು.”

“ಲೈಟ್ ಬೇಡ ಸಾರ್, ಸೂರ್ಯ ಐತೆ. ಆಚೆ ಹೋಗಿ ನೋಡಿ. ನೇರಳೆ ಅಂದ್ರೆ ಶಾಲು ಫ್ರೀ!”

ಅಪ್ಪ ಶಾಲನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದರು. ಮೂಗಿನ ಹತ್ತಿರ ತಂದರು, ದೂರ ಹಿಡಿದರು. “ನೇರಳೆನೇ” ಎಂದರು. ಅಂಗಡಿಯವನು ನನ್ನ ಕಡೆ ತಿರುಗಿ, “ನೀವು ಹೇಳಿ ಮೇಡಂ” ಎಂದು ನಕ್ಕ. ಪಕ್ಕದಲ್ಲಿ ಸ್ವೆಟರ್ ನೋಡುತ್ತಿದ್ದ ಇಬ್ಬರು ಹೆಂಗಸರೂ ನನ್ನನ್ನೇ ನೋಡಿದರು.

“ನೇರಳೆನೇ. ಪ್ಯಾಕ್ ಮಾಡಿ” ಎಂದೆ.

ಅಂಗಡಿಯವನ ನಗು ನಿಂತಿತು. ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಶಾಲು ಮಡಿಸಿದ.

ಅಲ್ಲಿಂದ ಲಾಡ್ಜಿಗೆ ಒಂದು ಸಾವಿರದ ಒಂಬೈನೂರ ಇಪ್ಪತ್ತು ಹೆಜ್ಜೆ, ಹೆಚ್ಚಿನವು ಏರು. ಅಷ್ಟೂ ಹೆಜ್ಜೆ ನನ್ನ ತಲೆಯಲ್ಲಿ ಕಂದು, ನೇರಳೆ, ಕಂದು, ನೇರಳೆ ಎಂದೇ ಓಡುತ್ತಿತ್ತು. ಅಪ್ಪ ಮುಂದೆ ನಡೆಯುತ್ತಾ ಸೋಮವಾರದ ಬಗ್ಗೆ ಹೇಳುತ್ತಿದ್ದರು. ಅಲ್ಲಿ ಇಬ್ಬರು ಹುಡುಗರಿದ್ದಾರಂತೆ, ಅವರಿಗೂ ಹದ ಕಲಿಸಬೇಕಂತೆ, ಹಳೇ ನೀಲಿ ಕೋಟು ಇಸ್ತ್ರಿಗೆ ಕೊಟ್ಟಿದ್ದಾರಂತೆ. ನಾನು ಹೂಂ ಹೂಂ ಎನ್ನುತ್ತಿದ್ದೆ. ಹೇಳಿಬಿಡಬೇಕು ಅನ್ನಿಸಿತು. ಹೇಳುವಷ್ಟು ತ್ರಾಣ ಇರಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಇಲ್ಲದ್ದು ಧೈರ್ಯ.

ಸಂಜೆ ಅಪ್ಪ ಸ್ನಾನಕ್ಕೆ ಹೋದಾಗ ಪುಸ್ತಕ ತೆಗೆದೆ. ಅಪ್ಪನ ಎಂಟರ ಎಡಕ್ಕೆ, ಕಾಲಂ ಗೆರೆಗೆ ಅಂಟಿದ ಹಾಗೆ, ಎರಡರ ಅಂಕಿ ಸೇರಿಸಿದೆ. ಈಗ ಲೆಕ್ಕ ತಾಳೆಯಾಯಿತು. ಇಷ್ಟು ವರ್ಷದ ಡೈರಿಯಲ್ಲಿ ನಾನು ಹಾಗೆ ಮಾಡಿದ್ದು ಅದೊಂದೇ ಸಲ.

ಶನಿವಾರ ಬೆಳಿಗ್ಗೆ ವಾಪಸ್ ಹೊರಟೆವು. ಮಧ್ಯಾಹ್ನ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸಿಗೆ ಐವತ್ತು ನಿಮಿಷ ಕಾಯುವುದಿತ್ತು. ಬ್ಯಾಗಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದೆ.

“ನಿನ್ನ ಪುಸ್ತಕ ಕೊಡು. ಎಷ್ಟು ವರ್ಷ ಆಯ್ತು ಸಹಿ ಹಾಕಿ” ಎಂದರು ಅಪ್ಪ.

ಕೊಡದೆ ಇರಲು ಕಾರಣ ಹೊಳೆಯಲಿಲ್ಲ. ಅವರು ಪುಟವನ್ನು ಮುಖದ ಹತ್ತಿರ ಹಿಡಿದು, ಬೆರಳಿಟ್ಟು, ಸಾಲು ಸಾಲಾಗಿ ಓದಿದರು. ವಾಂತಿಯ ಲೆಕ್ಕಕ್ಕೆ ನಕ್ಕರು. ಬೆರಳು ಕೆಳಗೆ ಬಂದು ನಿಂತಿತು.

“ನಾನು ಎಂಟು ಅಂದಿದ್ದೆ.”

ನಾನು ಎದ್ದು ಕೂತೆ.

“ಈ ಎರಡರ ಅಂಕಿ ಆಮೇಲೆ ಬಂದಿದ್ದು. ಜಾಗ ಸಾಲದೆ ಗೆರೆ ಹತ್ತಿ ಕೂತಿದೆ. ತಿದ್ದೋದು ಯಾರು ಕಲಿಸಿದ್ರು ನಿಂಗೆ?” ದನಿಯಲ್ಲಿ ಸಿಟ್ಟಿತ್ತು. ಆಮೇಲೆ ಸಿಟ್ಟು ಇಳಿಯಿತು. ನಾನು ಯಾಕೆ ತಿದ್ದಿರಬಹುದು ಎಂದು ಅವರು ಯೋಚಿಸುವುದು ನನಗೆ ಕಾಣುತ್ತಿತ್ತು. ಹಾಸನದ ಬಸ್ಸೊಂದು ಬಂತು, ಜನ ನುಗ್ಗಿದರು, ಹೋಯಿತು.

“ಬೂದು ಮನೆ ಎಷ್ಟಿತ್ತು?”

“ಒಂದೂ ಇರ್ಲಿಲ್ಲ ಅಪ್ಪ.”

“ಶಾಲು?”

“ಕಂದು.”

ಅವರು ಬ್ಯಾಗಿನ ಜಿಪ್ ತೆಗೆದು, ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ, ಶಾಲಿನ ಅಂಚನ್ನು ಎಳೆದು ನೋಡಿದರು. ಬಹಳ ಹೊತ್ತು ನೋಡಿದರು. “ಸೋಮವಾರದಿಂದ ಆ ಹುಡುಗರು ನಾನು ಹದ ಕೊಟ್ಟ ಉಳಿ ಹಿಡೀತಿದ್ರು” ಎಂದರು. ಅಷ್ಟೇ.

ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡರು. ತಮ್ಮ ಕಾಲಂನ ಇಪ್ಪತ್ತೆಂಟರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ 8 ಎಂದು ಬರೆದು, ಸಹಿ ಹಾಕಿದರು. ಆಮೇಲೆ ಫೋನ್ ತೆಗೆದು ನನ್ನ ಕೈಗೆ ಕೊಟ್ಟು, “ವರ್ಕ್‌ಶಾಪಿನವರ ನಂಬರ್ ಒತ್ತಿಕೊಡು. ಮಾತು ನಾನೇ ಆಡ್ತೀನಿ” ಎಂದರು. ಮಾತು ಒಂದು ನಿಮಿಷವೂ ಆಗಲಿಲ್ಲ. ಕಣ್ಣು ತೋರಿಸಬೇಕು, ಪೊರೆ ಇರಬಹುದು, ಸೋಮವಾರ ಬರುವುದಿಲ್ಲ, ಬೇರೆ ಯಾರಾದರೂ ಸಿಕ್ಕರೆ ನನಗಾಗಿ ಕಾಯಬೇಡಿ. ಆ ಕಡೆಯವರು ಏನೋ ಕೇಳಿದರು. “ಇಲ್ಲ ಸ್ವಾಮಿ, ಅಂದಾಜಿನ ಮೇಲೆ ಮಾಡೋ ಕೆಲಸ ಅಲ್ಲ ಅದು” ಎಂದು ಇಟ್ಟುಬಿಟ್ಟರು.

ವಾಪಸಿನ ದಾರಿಯ ಕೊನೆಯ ಟೀಯನ್ನು ಕಡೂರಿನಲ್ಲಿ ಕುಡಿದೆವು. ಭದ್ರಾವತಿ ಬಂದಾಗ ಅಪ್ಪ ಕಾರ್ಖಾನೆಯ ಕಡೆಯ ಕಿಟಕಿಯಲ್ಲೇ ಕೂತಿದ್ದರು. ನಿದ್ದೆ ಮಾಡುತ್ತಿದ್ದರೋ, ಸುಮ್ಮನೆ ಕಣ್ಣು ಮುಚ್ಚಿದ್ದರೋ ಗೊತ್ತಿಲ್ಲ.

ಮನೆಯಲ್ಲಿ ಅಮ್ಮ ಶಾಲು ಬಿಡಿಸಿ, ಲೈಟಿನ ಕೆಳಗೆ ತಿರುಗಿಸಿ, “ಕಂದು ಬೇಡ ಅಂತ ಬಡ್ಕೊಂಡೆನಲ್ಲ. ಇದನ್ನ ಯಾರು ಆರಿಸಿದ್ದು?” ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಚಪ್ಪಲಿ ಬಿಡುತ್ತಾ, “ನಾನು” ಎಂದರು. “ಕೂತ್ಕೋ, ಹೇಳ್ತೀನಿ.”