ನಿಶ್ಚಯ ಮುರಿಯಲು ಕನ್ನಡ ಕಲಿತವರು

ಆ ಸಂಜೆ ನಮ್ಮ ಮನೆಯಲ್ಲಿ ಇದ್ದವರು ನಾಲ್ಕೇ ಜನ. ಬೇವಿನ ಕೆಳಗೆ ಕಂಬಳಿಯ ಮೇಲೆ ಕಾಲು ಚಾಚಿ, ಕದರು ತಿರುಗಿಸುತ್ತ ಕರಿ ಉಣ್ಣೆ ನೂಲುತ್ತಿದ್ದ ಅಜ್ಜಿ. ಹಿತ್ತಲಿನ ಕುರಿದೊಡ್ಡಿಗೆ ಮುಳ್ಳಿನ ಬೇಲಿ ಸರಿಪಡಿಸುತ್ತಿದ್ದ ಅಪ್ಪ. ಅಡುಗೆಮನೆಯ ಬಾಗಿಲ ಹಿಂದೆ ನಾನು. ಇನ್ನೊಬ್ಬರು, ಹುಬ್ಬಿನ ತುಂಬ ಕಲ್ಲಿನ ಬಿಳಿ ಪುಡಿ ಹೊತ್ತು ಅಂಗಳಕ್ಕೆ ಬಂದು ನಿಂತವರು, ನನ್ನನ್ನು ಮದುವೆಯಾಗಬೇಕಾಗಿದ್ದವರು.

ಅವರು ತೆಲುಗು ಮಾತಿನ ತಾಂಡೂರಿನ ಕಡೆಯವರು. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಲಾರಿಯ ಜೊತೆ ವಾರಕ್ಕೊಮ್ಮೆ ನಮ್ಮ ನಾರಾಯಣಖೇಡಕ್ಕೆ ಬರುತ್ತಿದ್ದರು. ಹಿಂದಿನ ತಿಂಗಳಷ್ಟೇ ಅವರ ಮನೆಯವರು ಬಂದು ನನ್ನ ಉಡಿ ತುಂಬಿ ಹೋಗಿದ್ದರು. ಉಡಿ ತುಂಬಿದರೆ ನಿಶ್ಚಯವಾದಂತೆಯೇ. ಆ ದಿನ ನಾನು ತಲೆ ಎತ್ತಿರಲಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಆ ಮನೆಯಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ, ಅಷ್ಟೇ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ತೆಲುಗು ನನಗೂ ಬರುತ್ತಿತ್ತು. ಅಳುವುದಕ್ಕೆ, ಜಗಳವಾಡುವುದಕ್ಕೆ, ನಿದ್ದೆಗಣ್ಣಿನಲ್ಲಿ ಏನೋ ಗೊಣಗುವುದಕ್ಕೆ ಅದು ಸಾಲುತ್ತಿರಲಿಲ್ಲ. ಒಲ್ಲೆ ಎಂದು ಅಪ್ಪನ ಮುಂದೆ ಅತ್ತಿದ್ದೆ. ಮಾತು ಕೊಟ್ಟಾಗಿದೆ, ಅಲ್ಲಿಗೆ ಹೋದರೆ ನಾಲಗೆ ತಾನೇ ಹೊರಳುತ್ತದೆ ಎಂದು ಅಪ್ಪ ಎದ್ದು ಹೋಗಿದ್ದ.

ನನ್ನ ಅಳು ಹೇಗೋ ತಾಂಡೂರನ್ನು ಮುಟ್ಟಿತ್ತು. ಅದಕ್ಕೇ ಅವರು ಬಂದದ್ದು. ಅಜ್ಜಿಯ ಎದುರು ನಿಂತು, ಮೆಲ್ಲಗೆ ತೆಲುಗಿನಲ್ಲಿ, ತನಗೂ ತಂದೆಯ ಒತ್ತಾಯವೇ, ಮನಸ್ಸಿಲ್ಲದ ಹುಡುಗಿಯನ್ನು ಕರೆದುಕೊಂಡು ಹೋಗುವುದು ತನಗೆ ಬೇಡ, ಹೇಗಾದರೂ ನೀವೇ ಇದನ್ನು ನಿಲ್ಲಿಸಿ ಎಂದು ಕೇಳಿಕೊಂಡರು.

ಅಜ್ಜಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಕಲ್ಹೇರಿನ ಕುರಿ ವ್ಯಾಪಾರಿಗಳನ್ನೆಲ್ಲ ಅದರಲ್ಲೇ ಬೈದು ಅಟ್ಟಿದವಳು. ಅಂದು ಮಾತ್ರ ಕಣ್ಣು ಕಿರಿದು ಮಾಡಿ ನೋಡಿದಳು.

"ನಮಗ ತೆಲುಗು ತಿಳಿಯಂಗಿಲ್ಲೋ ಕೂಸಾ. ಹೇಳಾದು ಏನಿದ್ರೂ ಕನ್ನಡದಾಗ ಹೇಳು. ಬರಲ್ಲಂದ್ರ ಕಲಿ, ಕುಂದರು."

ಅವರು ಕಂಬಳಿಯ ಅಂಚಿಗೆ ಕುಳಿತರು.

ಹೀಗೆ ಶುರುವಾಯಿತು. ಮದುವೆಗೆ ಮುಂಚೆ ಹುಡುಗ ಹುಡುಗಿ ಮಾತಾಡುವಂತಿರಲಿಲ್ಲ. ಅಜ್ಜಿಯ ಜೊತೆ ಮಾತಾಡಬೇಡ ಎನ್ನುವವರು ಯಾರೂ ಇರಲಿಲ್ಲ. ಪ್ರತಿ ವಾರ ಕಲ್ಲು ಇಳಿಸಿ ಬರುತ್ತಿದ್ದರು. ಅಜ್ಜಿ ಮರಿಯ ಕಿವಿ ತೋರಿಸುವಳು, ಉಣ್ಣೆ ತೋರಿಸುವಳು, ಮುಗಿಲು ತೋರಿಸುವಳು. ನಾನು ಒಳಗೆ ಜೋಳದ ಹಿಟ್ಟು ನಾದುತ್ತಿದ್ದವಳು ನಾದುವುದನ್ನೇ ಮರೆಯುತ್ತಿದ್ದೆ. ತೊಗರಿ ಹೊಲದ ಮೇಲಿಂದ ಹಳದಿ ಬಿಸಿಲು ಜಾರಿ ಬಾಗಿಲ ಸಂದಿಯಲ್ಲಿ ಗೆರೆಯಾಗಿ ಬೀಳುತ್ತಿತ್ತು. ಆ ಗೆರೆಯ ಆಚೆ ಒಂದು ಗಂಡು ದನಿ ನನ್ನ ಮಾತುಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡು, ಬಿಸಿಯೋ ತಣ್ಣಗೋ ಎಂದು ನೋಡುವಂತೆ ಹೊರಳಿಸುತ್ತಿತ್ತು. ನಾನು ಎಲ್ಲಿ ಕಳೆದುಕೊಳ್ಳುವೆನೋ ಎಂದು ಹೆದರಿದ್ದ ಮಾತು, ನಮ್ಮ ಅಂಗಳದಲ್ಲೇ ಕುಳಿತು ನನಗಾಗಿ ಮೊಳಕೆ ಬಿಡುತ್ತಿತ್ತು.

ಅಜ್ಜಿಯಿಂದ ಕಲಿತದ್ದರಿಂದ ಆ ಕನ್ನಡಕ್ಕೂ ಅಜ್ಜಿಯದೇ ವಯಸ್ಸು. ಗಟ್ಟಿಮುಟ್ಟಾದ ಹುಡುಗ, ಕುಳಿತುಕೊಳ್ಳುವಾಗ ಮೊಣಕಾಲು ಹಿಡಿದು ನರಳುವರು. ನಮ್ಮ ಕಾಲಕ್ಕೆ ಇಂಥ ಚಳಿ ಇರಲಿಲ್ಲ ಎನ್ನುವರು. ನಾನು ಬಾಯಿಗೆ ಸೆರಗು ತುರುಕಿಕೊಂಡು ನಗು ತಡೆಯುತ್ತಿದ್ದೆ. ಒಂದು ದಿನ ಹೊಸ್ತಿಲ ಮೇಲೆ ಒಂದು ಲೋಟ ಮಜ್ಜಿಗೆ ಇಟ್ಟು ಸರಿದುಕೊಂಡೆ. ಅವರು ಎತ್ತಿಕೊಂಡು ಬಾಗಿಲ ಕಡೆ ತಿರುಗಿ, ಅಜ್ಜಿ ಹರಸುವ ರಾಗದಲ್ಲೇ ಹೇಳಿದರು:

"ನೂರು ವರ್ಷ ಬಾಳು, ನನ್ನ ಮಗಳಾ."

ನಗು ತಡೆಯಲಾಗಲಿಲ್ಲ. ಕೇಳಿಸಿತು. ಆ ಕಡೆಯಿಂದ ಅವರೂ ನಕ್ಕರು. ಆ ವಾರವಿಡೀ ನಾನು ನೆಲ ಮುಟ್ಟದೆ ಓಡಾಡಿದ ಹಾಗೆ ನೆನಪು.

ಚಳಿಗಾಲದ ನಡುವೆ ಅವರ ತಂದೆ ಮದುವೆಯ ತಾರೀಖು ಇಡಲು ಬಂದರು. ಜೊತೆಗೆ ಇವರೂ ಬಂದಿದ್ದರು. ಹಿರಿಯರಿಬ್ಬರೂ ಪಂಚಾಂಗ ಬಿಡಿಸಿದ್ದೇ ಅಜ್ಜಿ ಕದರು ಕೆಳಗಿಟ್ಟು ಹುಡುಗನ ಕಡೆ ತಿರುಗಿದಳು.

"ಅವತ್ತು ಏನೋ ಹೇಳಾಕ ಬಂದಿದ್ದಿ ಅಲಾ. ಈಗ ಹೇಳು."

ಯಾವ ಮಾತನ್ನು ಯಾರಾದರೂ ಹೇಳಲಿ ಎಂದು ಅಷ್ಟು ದಿನ ಹಂಬಲಿಸಿದ್ದೆನೋ, ಅದನ್ನು ಅವರು ಹೇಳದಿರಲಿ ಎಂದು ಬಾಗಿಲಿಗೆ ಹಣೆ ಒತ್ತಿ ನಿಂತಿದ್ದೆ.

ಅವರು ನನ್ನ ಅಪ್ಪನ ಕಡೆ ತಿರುಗಿದರು. ಅಪ್ಪನ ಜೊತೆ ಅಜ್ಜಿ ಹೇಗೆ ಮಾತಾಡುತ್ತಿದ್ದಳೋ ಹಾಗೆಯೇ ಹೇಳಿದರು:

"ಏ ಕೂಸಾ, ಗಡಬಡಿ ಮಾಡಬ್ಯಾಡ. ಆಕಿ ಏನಂತಾಳ, ಮೊದಲ ಅದನ್ನ ಕೇಳು."

ಅಪ್ಪ ಬಾಯಿಗೆ ಇಡಬೇಕೆಂದಿದ್ದ ಎಲೆಯಡಿಕೆ ಕೈಯಲ್ಲೇ ಉಳಿಯಿತು. ಕನ್ನಡ ತಿಳಿಯದ ಬೀಗರು ಮಾತ್ರ ಮಗ ಎಷ್ಟು ಮರ್ಯಾದೆಯಿಂದ ಮಾತಾಡಿದ ಎಂದು ಹೆಮ್ಮೆಯಿಂದ ಮೀಸೆ ಸವರಿದರು. ಅಜ್ಜಿಯ ಹೆಗಲು ಅಲುಗತೊಡಗಿತು. ಕೊನೆಗೆ ಅಪ್ಪ ಎಲೆಯಡಿಕೆ ಕೆಳಗಿಟ್ಟು, ಏನವ್ವಾ, ಏನಂತಿ ಎಂದು ಬಾಗಿಲಿಗೆ ಕೇಳಿದ. ನಿಶ್ಚಯವಾದ ಮೇಲೆ ಅವನು ನನ್ನನ್ನು ಕೇಳಿದ್ದು ಅದೇ ಮೊದಲು.

"ಅಜ್ಜಿ ಕಲಿಸಿದ್ದು ಭಾಳ ಕೆಟ್ಟದ, ಅಪ್ಪಾ," ಎಂದೆ ಒಳಗಿನಿಂದಲೇ. "ಮುಂದಿಂದು ನಾನೇ ಕಲಿಸ್ತೀನಿ."

ತೊಗರಿ ರಾಶಿ ಮುಗಿದ ಮೇಲೆ ಮದುವೆಯಾಯಿತು. ತಾಂಡೂರಿಗೆ ಹೊರಟ ದಿನ ಜಹೀರಾಬಾದಿನಲ್ಲಿ ಬಸ್ಸು ಬದಲಿಸಬೇಕಿತ್ತು. ಅವರು ಹೋಗಿ ಒಂದು ಗ್ಲಾಸು ಕಬ್ಬಿನ ಹಾಲು ತಂದರು. ಅರ್ಧ ಕುಡಿದು ಕೊಟ್ಟೆ. ಉಳಿದದ್ದು ಅವರು ಕುಡಿಯುತ್ತಿದ್ದಾಗಲೇ ಬಸ್ಸು ಬಂತು. ಅವರು ಗ್ಲಾಸು ಕೊಟ್ಟುಬರಲು ಓಡಿದರು. ನಾನು ಹತ್ತಿ, ಕಿಟಕಿಯ ಬದಿಗೆ ಇಬ್ಬರಿಗೂ ಜಾಗ ಹಿಡಿದೆ.