ಟೇಲರ್ ಹೇಳಿದ ನಾಳೆ

ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ. ಕುಷ್ಟಗಿಯ ಟೇಲರ್ ಅಂಗಡಿಯ ಮುಂದೆ ಹಾಜರಿದ್ದವರು ನಾನು ಮತ್ತು ಇನ್ನೂ ಹದಿನೇಳು ಗಿರಾಕಿಗಳು.

ಬಟ್ಟೆ ಕೇಳಿದವರಿಗೆಲ್ಲ ಆ ಟೇಲರ್ ಕೊರಳಲ್ಲಿದ್ದ ಟೇಪು ನೇವರಿಸುತ್ತ "ನಾಳಿ ಬರ್ರಿ" ಅನ್ನುತ್ತಿದ್ದರು. ಅದರ ಅರ್ಥ ತಿಳಿದ ನಾವು ಮುಂದಿನ ವಾರ ಹೋಗುತ್ತಿದ್ದೆವು. ಗುರುವಾರ ಅವರು ಫೋನಿನ ಎಐಗೆ ಬಾಯಿಮಾತಿನಲ್ಲೇ ಹೇಳಿ ಅಂಗಡಿಗೊಂದು ಆ್ಯಪ್ ಮಾಡಿಸಿದ್ದರು: "ಗಿರಾಕಿ ಹೆಸರು, ಅಳತಿ ಬರ್ಕೊ. ಬಟ್ಟಿ ಯಾವಾಗ ಅಂದ್ರ ನಾಳಿ ಅನ್ನು." ಆ್ಯಪ್ ಅದನ್ನು ನಂಬಿ, ನಾಳೆ ಹತ್ತಕ್ಕೆ ಬಟ್ಟೆ ಸಿದ್ಧ ಎಂದು ಎಲ್ಲರಿಗೂ ಸಂದೇಶ ಕಳಿಸಿತ್ತು.

"ಸಂಜಿಗೆ ಮಗಳ ನಿಶ್ಚಯ ಐತಿ, ಅಣ್ಣಾರ. ಒಮ್ಮೆರ ಖರೇ ದಿನ ಹೇಳೀರಿ, ಅದನ್ನೂ ಸುಳ್ಳು ಮಾಡಬ್ಯಾಡ್ರಿ," ಎಂದರು ಕುಪ್ಪಸಕ್ಕೆ ಬಂದಿದ್ದ ತಾಯಿ.

ಟೇಲರ್ ಫೋನನ್ನು ಗದರಿಸಿದರು. "ನಾಳಿ ಅಂದ್ರ ನಾಳಿ ಅಲ್ಲಪಾ."

"ಹಾಗಾದರೆ ಯಾವ ದಿನ?" ಎಂದು ಫೋನು ಕೇಳಿತು.

ಆ ಪ್ರಶ್ನೆಯನ್ನು ನಾವು ಯಾರೂ ಕೇಳಿರಲಿಲ್ಲ. ಟೇಲರ್ ಫೋನು ಪಕ್ಕಕ್ಕಿಟ್ಟು, ಕತ್ತರಿಸಿಟ್ಟ ಆ ಕುಪ್ಪಸ ಎತ್ತಿಕೊಂಡು ಮಷಿನ್ ಮುಂದೆ ಕುಳಿತರು.

"ನನ್ನ ಅಂಗಿ?" ಎಂದೆ. "ನಾಳಿ" ಅನ್ನಲು ಬಾಯಿ ತೆರೆದವರು ಫೋನಿನ ಕಡೆ ನೋಡಿ, ದನಿ ತಗ್ಗಿಸಿ, "ಬುಧವಾರ ಬರ್ರಿ, ಸರ," ಎಂದರು. ನಾನು ಡೈರಿಯಲ್ಲಿ ಮುಂದಿನ ಶುಕ್ರವಾರ ಎಂದು ಬರೆದುಕೊಂಡೆ.

ನಾಲ್ಕು ಗಂಟೆಗೆ, ಆ ತಾಯಿಯ ಎದುರಿನಲ್ಲೇ, ಕುಪ್ಪಸದ ಕೊನೆಯ ಹುಕ್ಕು ಹಚ್ಚಿ ಮುಗಿಸಿದರು.