ಅರ್ಧ ಕಾಫಿ ಕೇಳಿದ ರಾಜ

ಮೈಸೂರಿನ ಹಳೆ ಪುಸ್ತಕದ ವ್ಯಾಪಾರಿಯೊಬ್ಬರ ಕಾರ್ಡು ಮೊನ್ನೆ ಬಂತು. ನನ್ನ ಹತ್ತಿರವಿರುವ ಕಾನೂನು ಪುಸ್ತಕವೊಂದು ಬಹಳ ಅಪರೂಪದ್ದಂತೆ, ಕೊಡುವುದಾದರೆ ತೆಗೆದುಕೊಳ್ಳುತ್ತಾರಂತೆ. ಆದರೆ ಒಳಗೆ ಯಾರೂ ಗೀಟು ಎಳೆದಿರಬಾರದಂತೆ. ಕಪಾಟು ತೆಗೆದೆ. ನುಸಿಗುಳಿಗೆಯ ಜೊತೆಗೆ ಹಳೇ ರಟ್ಟಿನ ವಾಸನೆಯೂ ಬಂತು. ಗೀಟು ಇದೆ. ಎಳೆದವನು ನಾನೇ. ಅದರ ಕಥೆಯನ್ನು ಮೊದಲು ನಿಮಗೆ ಹೇಳಿಬಿಡುತ್ತೇನೆ, ಕಾರ್ಡಿಗೆ ಆಮೇಲೆ ಉತ್ತರ ಬರೆದರಾಯಿತು.

ಒಬ್ಬ ಬರೆದ ನಾಟಕವನ್ನು ಇನ್ನೊಬ್ಬ ಅಣಕ ಮಾಡಿ ಆಡಿದರೆ ಕಾನೂನು ಏನನ್ನುತ್ತದೆ ಎಂಬುದೇ ಪುಸ್ತಕದ ವಿಷಯ. ಇಂಗ್ಲಿಷಿನಲ್ಲಿ ಇನ್ನೂರು ಚಿಲ್ಲರೆ ಪುಟ. ಇಂಥದ್ದು ಕೊಳ್ಳೇಗಾಲಕ್ಕೆ ಯಾಕೆ ಬಂತು ಎನ್ನುತ್ತೀರಾ? ನಮ್ಮೂರು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ನಮ್ಮ ವಕೀಲರು ಅಲ್ಲಿಂದ ಪೆಟ್ಟಿಗೆಗಟ್ಟಲೆ ಹಳೆ ಪುಸ್ತಕ ತರಿಸಿದ್ದರು. ಐವತ್ತಾರನೇ ಇಸವಿಯಲ್ಲಿ ನಮ್ಮೂರು ಮೈಸೂರು ರಾಜ್ಯಕ್ಕೆ ಸೇರಿತು. ಪುಸ್ತಕಗಳು ಕಪಾಟಿನಲ್ಲೇ ಉಳಿದವು. ನಾನು ಆ ವಕೀಲರ ಗುಮಾಸ್ತ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿ "ಓದಯ್ಯ" ಎನ್ನುತ್ತಿದ್ದರು. ನಾನು ಓದಬೇಕು, ಕಕ್ಷಿದಾರರಿಗೆ ಕನ್ನಡದಲ್ಲಿ ಹೇಳಬೇಕು. ನನ್ನ ಇಂಗ್ಲಿಷಿನ ಮೇಲೆ ಊರಿನವರಿಗೆ ಗೌರವವಿತ್ತು. ನನಗಂತೂ ಅವರಿಗಿಂತ ಹೆಚ್ಚು ಇತ್ತು.

ಆಗ ಹನೂರಿನಲ್ಲಿ ಮಾದಪ್ಪ ಮೇಷ್ಟ್ರು ಎಂಬುವರಿದ್ದರು. ಇಸ್ಕೂಲು ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಹೊತ್ತು ಊರೂರಿಗೆ ಹೋಗಿ, ಅಲ್ಲಿನ ರೈತರಿಗೆ ಮಾತು, ಪದ ಕಲಿಸಿ ಆಡಿಸುವವರು. ಅವರೇ ಸ್ವಂತವಾಗಿ ಕಟ್ಟಿದ ನಾಟಕ ಒಂದೇ ಒಂದು. ಅದರಲ್ಲಿ ರಾಜ್ಯ ಕಳೆದುಕೊಂಡ ರಾಜ ಬಾವಿಕಟ್ಟೆಗೆ ಬಂದು, ತನ್ನ ಗುರುತು ಹಿಡಿಯದ ಸ್ವಂತ ಮಗಳನ್ನೇ "ತಾಯೀ, ಒಂದು ಗುಟುಕು ನೀರು ಕೊಡು" ಎಂದು ಬೇಡುತ್ತಾನೆ. ಅಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಒಂದು ಸಲ ಅತ್ತಿದ್ದೇನೆ. ಅತ್ತಿದ್ದಕ್ಕೆ ನಾಚಿಕೆಯಾಗಿಯೋ ಏನೋ, ಗುಮಾಸ್ತರ ಕೂಟವೊಂದಕ್ಕೆ ಅದರ ಅಣಕ ಬರೆದುಕೊಟ್ಟೆ. ನನ್ನ ರಾಜ ಹೋಟೆಲಿಗೆ ಬಂದು ಅದೇ ರಾಗದಲ್ಲಿ "ಮಾಣೀ, ಅರ್ಧ ಕಾಫಿ ಕೊಡು" ಎನ್ನುತ್ತಾನೆ. ಬರೆದವನ ಹೆಸರು ಹಾಕಲಿಲ್ಲ.

ಜನ ಬಿದ್ದು ಬಿದ್ದು ನಕ್ಕರು. ತಿಂಗಳೊಳಗೆ ಕೊಳ್ಳೇಗಾಲದ ಹೋಟೆಲುಗಳಲ್ಲಿ ಯಾರೂ ನೆಟ್ಟಗೆ ಕಾಫಿ ಕೇಳದಂತಾಯಿತು. ಎಲ್ಲರೂ ರಾಗ ತೆಗೆಯುವವರೇ. ಅದು ಹೇಗೋ ಯಳಂದೂರಿಗೂ ಹೋಯಿತು. ಅಲ್ಲಿ ಮೇಷ್ಟ್ರ ನಾಟಕ ನಡೆದಾಗ, ರಾಜ ಬಾವಿಕಟ್ಟೆಗೆ ಬಂದು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ "ಅರ್ಧ ಕಾಫಿ ಕೊಡ್ರಪ್ಪೋ!" ಎಂದು ಕೂಗಿದರಂತೆ. ಅಳಬೇಕಾದವರೆಲ್ಲ ನಕ್ಕರಂತೆ.

ಮುಂದಿನ ಎರಡು ಊರುಗಳಲ್ಲೂ ಹಾಗೇ ಆಯಿತು. ಮೇಷ್ಟ್ರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ನಮ್ಮ ಆಫೀಸಿಗೆ ಬಂದರು. ಬೆಂಚಿನ ತುದಿಯಲ್ಲಿ ಕುಳಿತರು.

"ನನ್ ರಾಜ ಅಳೋವಾಗ ಜನ ನಗ್ತಾರೆ ಸಾ," ಎಂದರು ವಕೀಲರಿಗೆ. "ಈಗ ಯಾವೂರ್ನೋರೂ ಆ ನಾಟ್ಕ ಬ್ಯಾಡ ಅಂತಾರೆ. ಇದ್ಕೆ ಕಾನೂನ್ನಲ್ಲಿ ಏನಾರ ಅದಾ?"

ವಕೀಲರಿಗೆ ಹುರುಪು ಬಂತು. "ಅದಕ್ಕೇ ಅಂತ ಒಂದು ಪುಸ್ತಕ ಇದೆ ಕಣಯ್ಯ ನಮ್ಮಲ್ಲಿ," ಎಂದವರು ನನ್ನತ್ತ ತಿರುಗಿ "ತೆಗಿ, ಓದು" ಎಂದರು.

ತೆಗೆದೆ. ಅಣಕದಿಂದ ಮೂಲ ಬರೆದವನ ಹಕ್ಕಿಗೆ ಭಂಗವಿಲ್ಲ ಎಂಬರ್ಥದ ವಾಕ್ಯವೊಂದು ಸಿಕ್ಕಿತು. ಕೆಂಪು ಪೆನ್ಸಿಲಿನಲ್ಲಿ ಗೀಟೆಳೆದು ಜೋರಾಗಿ ಓದಿದೆ, ಕನ್ನಡದಲ್ಲೂ ಹೇಳಿದೆ. ಹಾಳೆ ಮಗುಚಿದೆ. ಆಚೆ ಪುಟದ ಮೊದಲ ಸಾಲಿನಲ್ಲೇ, ಅಣಕದ ದೆಸೆಯಿಂದ ಮೂಲ ನಾಟಕ ಆಡುವುದೇ ನಿಂತುಹೋದರೆ ಮಾತು ಬೇರೆ, ಬರೆದವನು ಕೋರ್ಟಿಗೆ ಹೋಗಬಹುದು ಎಂದಿತ್ತು.

"ಅಷ್ಟೇನಾ ಸಾ? ಮುಂದ್ಕೇನೂ ಬರ್ದಿಲ್ವಾ?" ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು.

"ಅಷ್ಟೇ," ಎಂದೆ.

ವಕೀಲರು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. ನನ್ನ ಓದನ್ನು ಅವರು ಎಂದೂ ಅನುಮಾನಿಸಿದವರಲ್ಲ. ಮೇಷ್ಟ್ರು ಕೈಮುಗಿದು ಎದ್ದರು.

ಕೆಲಸ ಹೋದೀತೆಂಬ ಹೆದರಿಕೆ ಇತ್ತು, ನಿಜ. ಆದರೆ ಒಪ್ಪಿಕೊಂಡರೆ ಊರು ನನ್ನನ್ನು ನೋಡಿ ನಗುತ್ತದಲ್ಲ ಎಂಬುದೇ ಅದಕ್ಕಿಂತ ದೊಡ್ಡದಾಗಿತ್ತು. ಇನ್ನೊಬ್ಬರನ್ನು ಗೇಲಿ ಮಾಡುವವರಿಗೆ ಈ ಭಯ ಜಾಸ್ತಿ, ನೀವೂ ಕಂಡಿರುತ್ತೀರಿ.

ಎಪ್ಪತ್ತನೇ ಇಸವಿಯ ಸುಮಾರಿಗೆ ಮೇಷ್ಟ್ರು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಹನೂರಿನ ಬಸ್ಸಿಗೆ ಕಾಯುತ್ತಿದ್ದರು. ನಾಟಕ ಹೇಗೆ ನಡೆಯುತ್ತಿದೆ ಎಂದು ಕೇಳಿದೆ; ಕೇಳಬಾರದಿತ್ತು.

"ನಂದು ಅವತ್ತೇ ಬುಟ್ಬುಟ್ಟೆ. ಈಗ ಬ್ಯಾರೇರು ಬರ್ದಿರೋದ್ನ ಕಲುಸ್ತೀನಿ," ಎಂದರು.

ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು. "ಆ ಕಾಫಿ ಪದ ಬರ್ದೋರು ನೀವೇ ಅಂತ ನಂಗೆ ಗೊತ್ತಿತ್ತು ಸಾ. ನಾನು ಕಾನೂನ್ ಕೇಳಕ್ಕೆ ಬಂದಿರ್ನಿಲ್ಲ. ನೀವೊಂದ್ ಮಾತ್ ಏಳ್ತೀರಾ ಅಂತ ಬಂದಿದ್ದೆ."

ಬಸ್ಸು ಹೊರಟಿತು. ಮತ್ತೆ ಅವರನ್ನು ನೋಡಲಿಲ್ಲ. ವಕೀಲರು ಆಫೀಸು ಮುಚ್ಚುವಾಗ "ಇದನ್ನು ಪೂರ್ತಿ ಓದಿದವನು ನೀನೊಬ್ಬನೇ ಕಣಯ್ಯ" ಎಂದು ಪುಸ್ತಕವನ್ನು ನನಗೇ ಕೊಟ್ಟರು. ಮನೆಗೆ ತಂದು ಕಪಾಟಿನಲ್ಲಿಟ್ಟೆ.

ಇವತ್ತು ಆ ಹಾಳೆಯನ್ನು ಮತ್ತೆ ಮಗುಚಿದೆ. ಮೊಮ್ಮಗಳ ಪೆಟ್ಟಿಗೆಯಿಂದ ಕೆಂಪು ಪೆನ್ಸಿಲು ತಂದು ಆಚೆ ಪುಟದ ಮೊದಲ ಸಾಲಿಗೂ ಗೀಟೆಳೆದೆ. ಪಕ್ಕದಲ್ಲಿ "ಹನೂರಿನ ಮಾದಪ್ಪ ಮೇಷ್ಟ್ರ ನಾಟಕ ನಿಂತುಹೋಯಿತು. ಅಣಕ ಬರೆದವನು ನಾನು" ಎಂದು ಬರೆದು ಸಹಿ ಹಾಕಿದೆ. ಆಮೇಲೆ ವ್ಯಾಪಾರಿಗೆ ಕಾರ್ಡು ಬರೆದೆ: ಗೀಟು ಒಂದಲ್ಲ, ಎರಡಿವೆ. ಪುಸ್ತಕ ಕೊಡುವುದಿಲ್ಲ.